ಖಿನ್ನತೆಯ ಚಿಕಿತ್ಸೆಗೆ ಕಾಂತದ ಸುರುಳಿ ಬಂದ ದಾರಿ

ಅಂಧೇರಿಯಿಂದ ಠಾಣೆಯವರೆಗಿನ ಖಾಸಗಿ ಮನೋವೈದ್ಯರ ಕ್ಲಿನಿಕ್ಕುಗಳಲ್ಲಿ ಟಿಎಂಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಈಗ ಮೊದಲಿಗಿಂತ ಹೆಚ್ಚಾಗಿ ಕಿವಿಗೆ ಬೀಳುತ್ತಿವೆ. ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್ ಎಂಬುದು ಅದರ ಪೂರ್ಣ ಹೆಸರು. ತಲೆಯ ಮೇಲೆ ಸುರುಳಿಯೊಂದನ್ನಿಟ್ಟು, ಕಾಂತಕ್ಷೇತ್ರದ ಮಿಡಿತಗಳಿಂದ ಮಿದುಳಿನ ಒಂದು ಭಾಗವನ್ನು ಪ್ರಚೋದಿಸುವ ಈ ವಿಧಾನವನ್ನು ಸಾಮಾನ್ಯವಾಗಿ ‘ಮಾತ್ರೆಯಿಲ್ಲದ ಚಿಕಿತ್ಸೆ’ ಎಂದೇ ಪರಿಚಯಿಸಲಾಗುತ್ತದೆ. ಆ ಬಣ್ಣನೆ ಸುಳ್ಳಲ್ಲವಾದರೂ ಪೂರ್ತಿ ನಿಜವೂ ಅಲ್ಲ. ಈ ಚಿಕಿತ್ಸೆ ಯಾರಿಗೆ, ಯಾವ ಹಂತದಲ್ಲಿ, ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದು ಅದು ನಡೆದುಬಂದ ದಾರಿಯನ್ನು ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ.

ಇದರ ಹಿಂದಿನ ತತ್ತ್ವವನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದ: ಕಾಂತಕ್ಷೇತ್ರವು ವೇಗವಾಗಿ ಬದಲಾದರೆ ಹತ್ತಿರದ ವಾಹಕದಲ್ಲಿ ವಿದ್ಯುತ್ ಹುಟ್ಟುತ್ತದೆ. ಇಂಡಕ್ಷನ್ ಒಲೆಯ ಸುರುಳಿಯು ಪಾತ್ರೆಯನ್ನು ತಾನೇ ಸುಡದೆ ಪಾತ್ರೆಯೊಳಗೆ ಕರೆಂಟ್ ಹರಿಸುವುದು ಇದೇ ನಿಯಮದಿಂದ. ಪ್ಯಾರಿಸ್ಸಿನ ವಿಜ್ಞಾನಿ ದಾರ್ಸೋನ್ವಾಲ್ 1896ರಲ್ಲಿ ದೊಡ್ಡ ಸುರುಳಿಯೊಳಗೆ ತಲೆಯಿಟ್ಟವರಿಗೆ ಕಣ್ಣಮುಂದೆ ಬೆಳಕಿನ ಮಿಂಚು ಕಾಣಿಸಿಕೊಂಡದ್ದನ್ನೂ ತಲೆ ಸುತ್ತಿದ್ದನ್ನೂ ದಾಖಲಿಸಿದ. 1902ರ ಸುಮಾರಿಗೆ ವಿಯೆನ್ನಾದಲ್ಲಿ ಪೊಲಾಚೆಕ್ ಮತ್ತು ಬೇರ್ ಎಂಬಿಬ್ಬರು ಖಿನ್ನತೆ ಹಾಗೂ ನರದೌರ್ಬಲ್ಯಗಳಿಗೆ ವಿದ್ಯುತ್ಕಾಂತದ ಉಪಕರಣವೊಂದಕ್ಕೆ ಪೇಟೆಂಟ್ ಕೋರಿದರು. ಫ್ರಾಯ್ಡ್ ಮಾತಿನ ಮೂಲಕ ಮನಸ್ಸನ್ನು ಬಗೆದು ನೋಡುತ್ತಿದ್ದ ಊರಿನಲ್ಲೇ, ಅದೇ ಕಾಲದಲ್ಲಿ ಇಂಥದ್ದೊಂದು ಯೋಚನೆ ಹುಟ್ಟಿತ್ತೆಂಬುದು ಸೋಜಿಗದ ಸಂಗತಿ. ಮಿದುಳನ್ನು ನಿಜವಾಗಿ ಪ್ರಚೋದಿಸುವಷ್ಟು ಪ್ರಬಲವಾದ, ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ಏರಿಳಿಯುವ ಕಾಂತಕ್ಷೇತ್ರವನ್ನು ಉಂಟುಮಾಡುವ ಶಕ್ತಿ ಮಾತ್ರ ಅಂದಿನ ಯಂತ್ರಗಳಿಗೆ ಇರಲಿಲ್ಲ.

ನಡುವಿನ ದಶಕಗಳಲ್ಲಿ ಮನೋವೈದ್ಯಕೀಯವು ಬೇರೆ ದಾರಿ ಹಿಡಿಯಿತು. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ವಿದ್ಯುತ್ತಿನಿಂದ ಸೆಳವು (ಫಿಟ್ಸ್) ಬರಿಸುವ ಇಸಿಟಿಯನ್ನು ಆರಂಭಿಸಿದರು. 1950ರ ದಶಕದಲ್ಲಿ ಖಿನ್ನತೆ ನಿವಾರಕ ಮಾತ್ರೆಗಳು ಬಂದವು. ತೀವ್ರ ಖಿನ್ನತೆಗೆ ಇಸಿಟಿ ಇಂದಿಗೂ ಅತ್ಯಂತ ಪರಿಣಾಮಕಾರಿ ಚಿಕಿತ್ಸೆಗಳಲ್ಲೊಂದು. ಆದರೂ ‘ಕರೆಂಟ್ ಕೊಡುತ್ತಾರಂತೆ’ ಎಂಬ ಭಯ ನಮ್ಮ ಮನೆಗಳಿಂದ ಹೋಗಿಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿಯಿಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದ ಮೇಲೂ ಹಳೆಯ ಸಿನಿಮಾಗಳ ದೃಶ್ಯಗಳೇ ಜನರ ಮನಸ್ಸಿನಲ್ಲಿ ಉಳಿದಿವೆ. ಟಿಎಂಎಸ್ ಎಂದಾಗಲೂ ಮುಂಬಯಿಯ ಕನ್ನಡ ಕುಟುಂಬಗಳು ಮೊದಲು ಕೇಳುವುದು ಇದು ಶಾಕ್ ಟ್ರೀಟ್‌ಮೆಂಟೇ ಎಂದು. ಅಲ್ಲ, ಇಲ್ಲಿ ಅರಿವಳಿಕೆಯಿಲ್ಲ, ಸೆಳವು ಬರಿಸುವ ಉದ್ದೇಶವಿಲ್ಲ, ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕುಳಿತಿರುತ್ತಾನೆ.

ಆಧುನಿಕ ಯಂತ್ರ ಹುಟ್ಟಿದ್ದು ಮಾನಸಿಕ ರೋಗದ ಚಿಕಿತ್ಸೆಗಾಗಿ ಅಲ್ಲವೇ ಅಲ್ಲ. 1980ರಲ್ಲಿ ಲಂಡನ್ನಿನ ಮರ್ಟನ್ ಮತ್ತು ಮಾರ್ಟನ್ ನೆತ್ತಿಯ ಮೇಲಿಟ್ಟ ವಿದ್ಯುದಗ್ರಗಳಿಂದ ಮಿದುಳಿನ ಚಲನಾ ಭಾಗವನ್ನು ಪ್ರಚೋದಿಸಿದರು. ತಲೆಬುರುಡೆ ವಿದ್ಯುತ್ತನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲವಾದ್ದರಿಂದ ಆ ವಿಧಾನ ಬಹಳ ನೋಯಿಸುತ್ತಿತ್ತು. ಕಾಂತಕ್ಷೇತ್ರಕ್ಕಾದರೆ ಮೂಳೆ ಅಡ್ಡಿಯಾಗದು. 1985ರಲ್ಲಿ ಶೆಫೀಲ್ಡ್‌ನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಸುರುಳಿಯನ್ನು ನೆತ್ತಿಗೆ ಹಿಡಿದು, ನೋವಿಲ್ಲದೆ ಕೈಯ ಸ್ನಾಯುಗಳು ಅದಿರುವಂತೆ ಮಾಡಿ ತೋರಿಸಿದರು. ನರಮಾರ್ಗಗಳ ತಪಾಸಣೆಯೇ ಅವರ ಗುರಿಯಾಗಿತ್ತು. ಅಂದಿನ ಆ ಅದಿರಾಟ ಇಂದಿಗೂ ಚಿಕಿತ್ಸೆಯ ಅಳತೆಗೋಲು: ಹೆಬ್ಬೆರಳು ಅದಿರಲು ಎಷ್ಟು ಶಕ್ತಿ ಬೇಕೆಂಬುದನ್ನು ಮೊದಲ ದಿನ ಕಂಡುಕೊಂಡು, ಆಯಾ ರೋಗಿಯ ಪ್ರಮಾಣವನ್ನು ಅದರ ಮೇಲೆ ನಿರ್ಧರಿಸುತ್ತಾರೆ.

ಖಿನ್ನರಾದವರಲ್ಲಿ ಮಿದುಳಿನ ಎಡ ಮುಂಭಾಗ ಮಂಕಾಗಿರುತ್ತದೆಂದು ಸ್ಕ್ಯಾನುಗಳು ಸೂಚಿಸುತ್ತಿದ್ದ ಕಾಲದಲ್ಲಿ, ಅಮೆರಿಕದ ಮಾರ್ಕ್ ಜಾರ್ಜ್ ಆ ಭಾಗವನ್ನೇ ದಿನಾಲೂ ಪ್ರಚೋದಿಸಿ ನೋಡಿದರು. 1995ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿದ್ದವರು ಔಷಧಿಗೆ ಬಗ್ಗದ ಆರು ಮಂದಿ ರೋಗಿಗಳು. ಚೆನ್ನಾಗಿ ಚೇತರಿಸಿಕೊಂಡವರು ಇಬ್ಬರು. ಇಷ್ಟು ಸಣ್ಣ ಬೀಜದಿಂದ ಬೆಳೆದ ಕ್ಷೇತ್ರದಲ್ಲಿ ಗುರಿಯ ನಿಖರತೆ ಬಹುಕಾಲ ಕೈಗೆಟುಕಲಿಲ್ಲ. ಹೆಬ್ಬೆರಳು ಅದಿರಿದ ಜಾಗದಿಂದ 5 ಸೆಂಟಿಮೀಟರ್ ಮುಂದಕ್ಕೆ ಸುರುಳಿಯಿಡುವುದು ವಾಡಿಕೆಯಾಗಿತ್ತು, ಆದರೆ ಎಲ್ಲರ ತಲೆಯೂ ಒಂದೇ ಅಳತೆಯದಲ್ಲ. 2001ರ ಒಂದು ಪರಿಶೀಲನೆಯಲ್ಲಿ ಈ ನಿಯಮ 22 ಜನರ ಪೈಕಿ 7 ಜನರಲ್ಲಿ ಮಾತ್ರ ಸರಿಯಾದ ಜಾಗವನ್ನು ತಲುಪಿಸಿತ್ತು. ಹಳೆಯ ಪ್ರಯೋಗಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಅನುಮತಿಯ ಕಥೆ ಇನ್ನೂ ಗಮನಾರ್ಹವಾದದ್ದು. ಬೇರೆ ಮಾತ್ರೆಗಳನ್ನು ನಿಲ್ಲಿಸಿದ್ದ 301 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಹೋಲಿಕೆಗೆಂದು ಬಳಸುವ, ಮಿದುಳನ್ನು ಪ್ರಚೋದಿಸದ ಹುಸಿ ಸುರುಳಿಗಿಂತ ನಿಜವಾದ ಸುರುಳಿ ಮೇಲೆಂದು ತೋರಿಸುವ ಮುಖ್ಯ ಮಾನದಂಡವೇ ಕೂದಲೆಳೆಯಷ್ಟರಲ್ಲಿ ತಪ್ಪಿತು. ಒಂದು ಔಷಧಿಯಿಂದ ಗುಣ ಕಾಣದಿದ್ದವರ ಗುಂಪನ್ನು ಪ್ರತ್ಯೇಕವಾಗಿ ನೋಡಿದಾಗ ಲಾಭ ಸ್ಪಷ್ಟವಾಗಿತ್ತು, ಮತ್ತು 2008ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಆ ಗುಂಪಿಗೆಂದೇ ಯಂತ್ರವನ್ನು ಒಪ್ಪಿತು. ಎಂದರೆ, ಆರಂಭದಿಂದಲೂ ಟಿಎಂಎಸ್ ಮಾತ್ರೆಯ ಬದಲಿಗೆ ಬಂದದ್ದಲ್ಲ, ಮಾತ್ರೆ ಸೋತ ನಂತರದ ಮೆಟ್ಟಿಲಾಗಿ ಬಂದದ್ದು. ಸರ್ಕಾರಿ ಹಣದಿಂದ ನಡೆದ 2010ರ ಇನ್ನೊಂದು ಪ್ರಯೋಗದಲ್ಲಿ ಖಿನ್ನತೆಯಿಂದ ಪೂರ್ಣ ಬಿಡುಗಡೆ ಪಡೆದವರು ಶೇ. 14ರಷ್ಟು, ಹುಸಿ ಚಿಕಿತ್ಸೆಯಲ್ಲಿ ಶೇ. 5ರಷ್ಟು. ನಿತ್ಯದ ಕ್ಲಿನಿಕ್ಕುಗಳಿಂದ ಬರುವ ವರದಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಗಣನೀಯ ಸುಧಾರಣೆ ಕಾಣುತ್ತದೆ. ಆದರೆ ಅಲ್ಲಿ ಹೋಲಿಕೆಗೆ ಹುಸಿ ಸುರುಳಿ ಇರುವುದಿಲ್ಲ, ಹೆಚ್ಚಿನವರು ಮಾತ್ರೆಗಳನ್ನೂ ಮುಂದುವರಿಸಿರುತ್ತಾರೆ.

ಆತಂಕದ ವಿಷಯದಲ್ಲಿ ಆಧಾರ ಇನ್ನೂ ತೆಳುವು. ಗೀಳು ರೋಗಕ್ಕೆ, ಅಂದರೆ ಒಸಿಡಿಗೆ, ಆಳಕ್ಕೆ ತಲುಪುವ ಸುರುಳಿಯೊಂದಕ್ಕೆ 2018ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. 2021ರಲ್ಲಿ ಖಿನ್ನತೆಯೊಡನೆ ಬರುವ ಆತಂಕದ ಲಕ್ಷಣಗಳಿಗೂ ಅದು ವಿಸ್ತರಿಸಿತು. ಖಿನ್ನತೆಯಿಲ್ಲದ ಬರೀ ಆತಂಕದ ಕಾಯಿಲೆಗೆ ಬಲ ಮುಂಭಾಗವನ್ನು ನಿಧಾನಗತಿಯಲ್ಲಿ ಪ್ರಚೋದಿಸಿ ನೋಡಿದ ಅಧ್ಯಯನಗಳು ಆಶಾದಾಯಕವಾಗಿದ್ದರೂ ಚಿಕ್ಕವು. ಖಿನ್ನತೆ, ಆತಂಕ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮಾರುವ ಜಾಹೀರಾತನ್ನು ಸ್ವಲ್ಪ ಅನುಮಾನದಿಂದ ಓದುವುದೇ ಲೇಸು.

ಮುಂಬಯಿಯವರಿಗೆ ಇನ್ನೊಂದು ಲೆಕ್ಕವೂ ಇದೆ, ಸಮಯದ್ದು. ಮೂಲ ಕ್ರಮದಲ್ಲಿ ಒಂದೊಂದು ಸರದಿ 37 ನಿಮಿಷ ಮೀರುತ್ತಿತ್ತು. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್ ಹಿಡಿದು ಬರುವ ಹೋಟೆಲ್ ನೌಕರನಿಗೆ, ಬ್ಯಾಂಕಿನ ಗುಮಾಸ್ತೆಗೆ ಇದು ಹೆಚ್ಚುಕಡಿಮೆ ರಜೆ ಹಾಕಿಯೇ ಮಾಡಬೇಕಾದ ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆಯೂ ಸಂಶೋಧನೆಯೂ ನಡೆಯುತ್ತಿವೆಯಾದರೂ, ಊರಿಗೆ ಹೋದಾಗ ತೋರಿಸಿಕೊಂಡು ಬರುತ್ತೇವೆ ಎನ್ನುವವರಿಗೆ ಅದು ಹೊಂದುವುದಿಲ್ಲ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಆಸ್ಪತ್ರೆಯಲ್ಲಿ ಮಲಗಿದವರನ್ನೇ ಲೆಕ್ಕಕ್ಕೆ ಹಿಡಿಯುವ ಪಾಲಿಸಿಗಳಲ್ಲಿ ದಿನಾ ಬಂದು ಹೋಗುವ ರೋಗಿಗೆ ಜಾಗ ಕಡಿಮೆ.

ಸಮಯವನ್ನು ಕುಗ್ಗಿಸುವ ಪ್ರಯತ್ನ ಎರಡು ದಿಕ್ಕಿನಲ್ಲಿ ಸಾಗಿದೆ. ಥೀಟಾ ಬರ್ಸ್ಟ್ ಎಂಬ ಕ್ರಮದಲ್ಲಿ ಸರದಿಯೊಂದು ಮೂರು ನಿಮಿಷಕ್ಕೆ ಮುಗಿಯುತ್ತದೆ. ಕೆನಡಾದಲ್ಲಿ 414 ರೋಗಿಗಳ ಮೇಲೆ ನಡೆದ 2018ರ ಪ್ರಯೋಗದಲ್ಲಿ ಅದು ಹಳೆಯ ದೀರ್ಘ ಕ್ರಮಕ್ಕಿಂತ ಕಡಿಮೆಯೇನಲ್ಲವೆಂದು ತಿಳಿದುಬಂತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಮವು ದಿನಕ್ಕೆ ಹತ್ತು ಸರದಿಗಳಂತೆ ಐದೇ ದಿನಗಳಲ್ಲಿ ಚಿಕಿತ್ಸೆ ಮುಗಿಸುತ್ತದೆ. 2022ರಲ್ಲಿ ಎಫ್‌ಡಿಎ ಒಪ್ಪಿದ ಅದರ ಫಲಿತಾಂಶ ಬೆರಗು ಹುಟ್ಟಿಸುವಂಥದ್ದೇ ಆದರೂ ಆ ಪ್ರಯೋಗದಲ್ಲಿದ್ದವರು 29 ಮಂದಿ, ಮತ್ತು ಗುರಿ ನಿರ್ಧರಿಸಲು ಪ್ರತಿಯೊಬ್ಬರಿಗೂ ವಿಶೇಷ ಎಂಆರ್‌ಐ ಬೇಕಾಗಿತ್ತು.

ಅಡ್ಡಪರಿಣಾಮಗಳು ಹೆಚ್ಚಾಗಿ ತಲೆನೋವು ಮತ್ತು ನೆತ್ತಿಯ ನೋವಿಗೆ ಸೀಮಿತ. ಸೆಳವು ಬರುವ ಸಂಭವ ಸಾವಿರಕ್ಕೊಂದಕ್ಕಿಂತ ಕಡಿಮೆ. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಇರುವವರಿಗೆ ಈ ಚಿಕಿತ್ಸೆ ಸಲ್ಲದು, ಅಪಸ್ಮಾರವಿದ್ದವರು ಮೊದಲೇ ವೈದ್ಯರಿಗೆ ತಿಳಿಸಲೇಬೇಕು. ಗುಣ ಕಂಡವರಲ್ಲೂ ಒಂದು ಪಾಲಿಗೆ ವರ್ಷದೊಳಗೆ ಖಿನ್ನತೆ ಮರಳುತ್ತದೆ. ಆಗ ಎಷ್ಟು ದಿನಕ್ಕೊಮ್ಮೆ ಮರುಸರದಿ ಕೊಡಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ಕ್ರಮವಿಲ್ಲದ್ದರಿಂದ, ಆಪ್ತಸಮಾಲೋಚನೆಯೂ ಅನೇಕರಿಗೆ ಮಾತ್ರೆಯೂ ಸುರುಳಿಯ ಜೊತೆಜೊತೆಗೇ ಮುಂದುವರಿಯುತ್ತವೆ.