ಗಿಟಾರ್ ಬಲ್ಲವರಿಗೆ ಲ್ಯಾಪ್ ಸ್ಟೀಲ್‌ನಲ್ಲಿ ರಾಗ ಏಕೆ ಒಲಿಯುವುದಿಲ್ಲ?

ಪ್ರಶ್ನೆ: ಹಲವು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ. ಈಚೆಗೆ ಒಂದು ಲ್ಯಾಪ್ ಸ್ಟೀಲ್, ಎಂದರೆ ಮಡಿಲಲ್ಲಿ ಮಲಗಿಸಿ ಬಾರ್ ಜಾರಿಸಿ ನುಡಿಸುವ ಗಿಟಾರ್, ಕೊಂಡೆ. ಕಾರ್ಡ್‌ಗಳು ಹೇಗೋ ಬರುತ್ತವೆ, ಆದರೆ ಹಾಡಿನ ಧಾಟಿಯನ್ನು ನುಡಿಸಹೊರಟರೆ ಶ್ರುತಿ ಸೇರುವುದಿಲ್ಲ, ಬೇಡದ ತಂತಿಗಳೆಲ್ಲ ಮೊಳಗುತ್ತವೆ. ಕಲಿತ ಸ್ಕೇಲುಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲವೇ?

ಉತ್ತರ: ಸ್ಕೇಲುಗಳ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ, ಬೆರಳುಗಳಿಗೆ ರೂಢಿಯಾದ ವಿನ್ಯಾಸಗಳು ಬರುವುದಿಲ್ಲ. ಗಿಟಾರಿನಲ್ಲಿ ನಾಲ್ಕು ಬೆರಳುಗಳು ನಾಲ್ಕು ಫ್ರೆಟ್‌ಗಳನ್ನು ಹಂಚಿಕೊಂಡು ನಿಂತರೆ, ಲ್ಯಾಪ್ ಸ್ಟೀಲ್‌ನಲ್ಲಿ ಎಡಗೈಗೆ ಸಿಗುವುದು ಒಂದೇ ಉಕ್ಕಿನ ಬಾರ್. ಹೀಗಾಗಿ ಇಲ್ಲಿನ ಕಲಿಕೆ ಗಿಟಾರ್ ವಾದಕನದಕ್ಕಿಂತ ಹಾಡುಗಾರನ ಕಲಿಕೆಗೆ ಹತ್ತಿರವಾದುದು.

ಮೊದಲು ಶ್ರುತಿಯ ವಿಚಾರ. ಗಿಟಾರಿನಲ್ಲಿ ಬೆರಳನ್ನು ಫ್ರೆಟ್‌ನ ಹಿಂದೆ ಒತ್ತುತ್ತೇವೆ, ತಂತಿಯನ್ನು ತಡೆಯುವ ಕೆಲಸವನ್ನು ಲೋಹದ ಪಟ್ಟಿಯೇ ಮಾಡುತ್ತದೆ. ಇಲ್ಲಿ ಫ್ರೆಟ್ ಬರಿಯ ಗುರುತು; ತಂತಿಯನ್ನು ತಡೆಯುವುದು ಬಾರ್. ಹಳೆಯ ಅಭ್ಯಾಸದಂತೆ ಗೆರೆಯ ಹಿಂದೆಯೇ ಬಾರ್ ನಿಲ್ಲಿಸಿದರೆ ಸ್ವರ ಕಡಿಮೆಯಾಗಿಯೇ ಕೇಳುತ್ತದೆ, ಹೊಸಬರ ಅಪಸ್ವರಕ್ಕೆ ಬಹುಪಾಲು ಇದೇ ಕಾರಣ. ಬಾರ್ ತಂತಿಗೆ ತಾಗುವ ಜಾಗ ಗೆರೆಯ ನೇರ ಮೇಲಿರಬೇಕು ಮತ್ತು ಅದನ್ನು ಓರೆಯಾಗಿ ಅಲ್ಲ, ಮೇಲಿನಿಂದಲೇ ನೋಡಬೇಕು. ತಂತಿಯನ್ನು ಅದುಮುವ ಅಗತ್ಯವೂ ಇಲ್ಲ, ಬಾರ್‌ನ ತೂಕವೇ ಸಾಕು. ತಂಬೂರಿಯ ಶ್ರುತಿಯನ್ನು ಹಾಕಿಕೊಂಡು ಒಂದೇ ತಂತಿಯ ಮೇಲೆ ನಿಧಾನವಾಗಿ ಏರಿ ಇಳಿಯುತ್ತಾ ಬಂದರೆ, ಕಣ್ಣು ತೋರಿಸಿದ ಜಾಗವನ್ನು ಕಿವಿ ತಿದ್ದುವುದಕ್ಕೆ ಆರಂಭಿಸುತ್ತದೆ. ಷಡ್ಜದೊಂದಿಗೆ ಪೂರ್ತಿ ಬೆರೆಯುವ ಅಂತರ ಗಾಂಧಾರವು ಗಿಟಾರಿನ ಫ್ರೆಟ್ ಕೊಡುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ಗಳಷ್ಟು, ಎಂದರೆ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು, ಕೆಳಗಿರುತ್ತದೆ. ಗಿಟಾರಿನಲ್ಲಿ ಸುಲಭವಾಗಿ ಸಿಗದ ಆ ಸ್ವರ ಇಲ್ಲಿ ಕೈಯಳತೆಯಲ್ಲೇ ಇದೆ.

ಬಿಟ್ಟ ತಂತಿಗಳೇ ಒಂದು ಕಾರ್ಡ್ ಆಗಿ ಮೊಳಗುವಂತೆ ಶ್ರುತಿ ಮಾಡುವ ಟ್ಯೂನಿಂಗ್‌ಗಳು ಹಲವಾರಿವೆ. ಹವಾಯಿ ಶೈಲಿಯವರಿಗೂ ಸ್ವಿಂಗ್ ನುಡಿಸುವವರಿಗೂ ಸಿ6 ಪ್ರಿಯ, ಡೋಬ್ರೋ (ಒಡಲಲ್ಲಿ ಲೋಹದ ತಟ್ಟೆಯಿರುವ ಗಿಟಾರ್) ನುಡಿಸುವವರಿಗೆ ಓಪನ್ ಜಿ. ರಾಗ ನುಡಿಸಲು ಹೊರಟವರಿಗೆ ನನ್ನ ಆಯ್ಕೆ ಓಪನ್ ಡಿ, ಅಂದರೆ ದಪ್ಪ ತಂತಿಯಿಂದ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಮಾಮೂಲಿ ಗಿಟಾರಿನ ತಂತಿಗಳನ್ನು ಫ್ರೆಟ್‌ಗಳಿಂದ ಮೇಲಕ್ಕೆ ಎತ್ತರಿಸಿಕೊಂಡು ನುಡಿಸುವವರಿಗೂ ಇದು ಅಪಾಯವಿಲ್ಲದ್ದು, ಏಕೆಂದರೆ ಇದರಲ್ಲಿ ಯಾವ ತಂತಿಯನ್ನೂ ಬಿಗಿಗೊಳಿಸಬೇಕಾಗಿಲ್ಲ. ಡೋಬ್ರೋ ಟ್ಯೂನಿಂಗ್‌ನಲ್ಲಿ ದಪ್ಪ ತಂತಿಗಳೆರಡನ್ನೂ ಮೇಲಕ್ಕೆ ಎಳೆಯಬೇಕಾಗುತ್ತದೆ.

ಓಪನ್ ಡಿಯಲ್ಲಿ ಬಾರ್ ಅನ್ನು 5ನೆಯ ಫ್ರೆಟ್‌ನ ಮೇಲಿಟ್ಟರೆ, ತೆಳು ತಂತಿಯಿಂದ ಎಣಿಸಿದಂತೆ, ನಾಲ್ಕನೆಯ ತಂತಿಯಲ್ಲಿ ಷಡ್ಜ, ಮೂರರಲ್ಲಿ ಅಂತರ ಗಾಂಧಾರ, ಎರಡರಲ್ಲಿ ಪಂಚಮ, ಒಂದರಲ್ಲಿ ತಾರ ಷಡ್ಜ ಸಿಗುತ್ತವೆ. ಅಲ್ಲಿಂದ ಒಂದು ಫ್ರೆಟ್ ಮುಂದೆ, 6ರಲ್ಲಿ, ನಾಲ್ಕನೆಯ ತಂತಿಯಲ್ಲಿ ಶುದ್ಧ ರಿಷಭ, ಮೂರರಲ್ಲಿ ಶುದ್ಧ ಮಧ್ಯಮ, ಎರಡರಲ್ಲಿ ಶುದ್ಧ ಧೈವತ. ಮಲಹರಿ ರಾಗಕ್ಕೆ ಬೇಕಾದ ಸ್ವರಗಳು ಇಷ್ಟೇ! ಸಂಗೀತದ ಮೊದಲ ಪಾಠಗಳಲ್ಲಿ ಕಲಿಸುವ ಪುರಂದರದಾಸರ ಪಿಳ್ಳಾರಿ ಗೀತೆಗಳ ಮಧ್ಯ ಸ್ಥಾಯಿಯ ಭಾಗವೆಲ್ಲ ಹೀಗೆ ಎರಡೇ ಫ್ರೆಟ್‌ಗಳ ಒಳಗೆ ಬಂದು ಕೂರುತ್ತದೆ. ಮೊದಲನೆಯ ತಂತಿಯಲ್ಲಿ ಒಂದು ಫ್ರೆಟ್ ಹಿಂದೆ ಸರಿದರೆ ಕಾಕಲಿ ನಿಷಾದ ಸಿಗುತ್ತದೆ. ಅದನ್ನೂ ಸೇರಿಸಿಕೊಂಡರೆ ಮಾಯಾಮಾಳವಗೌಳದ ಸರಳೆ ವರಸೆಗೆ ದಾರಿ ತೆರೆಯಿತು. ಮೋಹನಕ್ಕಾದರೆ 6ರ ಬದಲು 7ನೆಯ ಫ್ರೆಟ್, ನಾಲ್ಕನೆಯ ತಂತಿಯಲ್ಲಿ ರಿಷಭ, ಎರಡನೆಯದರಲ್ಲಿ ಧೈವತ.

ಬೇಡದ ತಂತಿಗಳು ಮೊಳಗುವುದು ಶ್ರುತಿಗಿಂತ ದೊಡ್ಡ ತೊಡಕು. ಗಿಟಾರಿನಲ್ಲಿ ಬೆರಳೆತ್ತಿದರೆ ಸ್ವರ ತಾನಾಗಿಯೇ ನಿಲ್ಲುತ್ತದೆ, ಇಲ್ಲಿ ಪ್ರತಿಯೊಂದನ್ನೂ ನಿಲ್ಲಿಸಬೇಕು. ಬಾರ್‌ನ ಹಿಂದೆ ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ತಂತಿಗಳ ಮೇಲೆ ಹಗುರವಾಗಿ ಎಳೆದುಕೊಂಡು ಬರುತ್ತಿರಲಿ. ಮುಂದಿನ ತಂತಿಯನ್ನು ಮೀಟುವ ಮೊದಲು ಬಲಗೈಯ ಅಂಗೈಯಂಚು ಹಿಂದಿನ ತಂತಿಯನ್ನು ಮುಟ್ಟಿ ಮೌನಗೊಳಿಸಲಿ. ಒಂಟಿ ಸ್ವರ ಬೇಕಾದಾಗ ಬಾರ್‌ನ ಹಿಂಬದಿಯನ್ನು ತುಸು ಎತ್ತಿ ಮೂತಿ ಮಾತ್ರ ಆ ತಂತಿಗೆ ತಾಗುವಂತೆ ಮಾಡಬಹುದು, ಇದಕ್ಕೆ ದುಂಡು ಮೂತಿಯ ಬಾರ್ ಅನುಕೂಲ. ಪ್ಲೆಕ್ಟ್ರಮ್ ಬದಿಗಿಟ್ಟು ಹೆಬ್ಬೆರಳಿಗೂ ಎರಡು ಬೆರಳುಗಳಿಗೂ ಪಿಕ್ ತೊಡುವುದು ಮೇಲು.

ಜಾರು ಮಾತ್ರ ಮಿತವಾಗಿರಲಿ. ಎರಡು ಸ್ವರಗಳ ನಡುವೆ ಪ್ರತಿ ಸಲವೂ ಜಾರಿದರೆ ಧಾಟಿಯ ಗುರುತೇ ಅಳಿಸಿಹೋಗುತ್ತದೆ, ಸಾಹಿತ್ಯದಲ್ಲಿ ಹೊಸ ಅಕ್ಷರ ಬಂದಲ್ಲಿ ಹೊಸದಾಗಿ ಮೀಟಬೇಕು. ಕಂಪನವನ್ನೂ ಸ್ವರ ನೆಲೆಗೆ ನಿಂತ ಮೇಲೆ ಕೊಡಿ, ತಪ್ಪಿದ ಶ್ರುತಿಯನ್ನು ಮುಚ್ಚುವುದಕ್ಕಲ್ಲ.

ಕೇಳ್ಮೆಗೆ ಹವಾಯಿಯ ದಾಖಲೆಗಳಷ್ಟೇ ಸಾಲವು. 19ನೆಯ ಶತಮಾನದ ಕೊನೆಯಲ್ಲಿ ಈ ಶೈಲಿಯನ್ನು ರೂಪಿಸಿದ ಕೀರ್ತಿ ಹವಾಯಿಯ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. ಮಡಿಲ ಗಿಟಾರಿನಲ್ಲಿ ಹಿಂದೂಸ್ತಾನಿ ಆಲಾಪವನ್ನು ನುಡಿಸಿ ತೋರಿಸಿದವರು ಬ್ರಿಜ್ ಭೂಷಣ್ ಕಾಬ್ರಾ. ಕರ್ನಾಟಕ ಸಂಗೀತದಲ್ಲಂತೂ ವೀಣೆಯನ್ನು ಹೋಲುವ, ತುಂಡೊಂದನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಗೋಟುವಾದ್ಯವಿದೆ, ಮೈಸೂರು ಆಸ್ಥಾನದಲ್ಲಿದ್ದ ನಾರಾಯಣ ಅಯ್ಯಂಗಾರ್ಯರ ವಾದ್ಯ ಅದೇ. ಬಾರ್ ಒಂದರಿಂದಲೇ ಗಮಕಗಳೆಲ್ಲ ಹೇಗೆ ಹೊರಡುತ್ತವೆ ಎಂಬುದನ್ನು ಅರಿಯಲು ಗೋಟುವಾದ್ಯವನ್ನು ಕೇಳುವುದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣದು. ಬಾರ್ ಅನ್ನು ಓರೆ ಹಿಡಿದು ಎರಡು ಸ್ವರಗಳನ್ನು ಒಟ್ಟಿಗೆ ನುಡಿಸುವ ವಿದ್ಯೆಯನ್ನು, ಒಂದು ಗೀತೆ ಶ್ರುತಿ ತಪ್ಪದೆ ಪೂರ್ತಿ ಬರುವವರೆಗೆ ಮುಟ್ಟಬೇಡಿ.