ಡ್ರೋನ್ ಬಂದ ಮೇಲೂ ನಾಯಿ ಯಾಕೆ ಬೇಕು?

ಓದುಗರ ಪ್ರಶ್ನೆ: ಡ್ರೋನ್, ಥರ್ಮಲ್ ಕ್ಯಾಮೆರಾ, ಎದೆಬಡಿತ ಪತ್ತೆಹಚ್ಚುವ ರಾಡಾರ್ ಎಲ್ಲ ಬಂದಿವೆ ಅಂತಾರೆ. ಆದರೂ ಭೂಕಂಪವಾದಾಗ ಟಿವಿಯಲ್ಲಿ ಕಾಣುವುದು ನಾಯಿ, ಹಾರೆ, ಬರಿಗೈ. ರಕ್ಷಣಾ ತಂಡಗಳು ಹೊಸ ತಂತ್ರಜ್ಞಾನಕ್ಕೆ ಯಾಕಿಷ್ಟು ಹಿಂದೇಟು ಹಾಕುತ್ತವೆ?

ಉತ್ತರ: ಹಿಂದೇಟು ಅನ್ನುವುದಕ್ಕಿಂತ ಅನುಮಾನ ಅನ್ನಿ. ಆ ಅನುಮಾನ ಬಹುಪಾಲು ಸರಿಯಾದದ್ದೇ.

ಹುಡುಕುವ ಸಲಕರಣೆ ಯಾವುದೇ ಇರಲಿ, ಕೊನೆಗೆ ಹೇಳುವುದು ಎರಡೇ ಮಾತು: ‘ಇಲ್ಲಿ ಯಾರೋ ಇದ್ದಾರೆ’ ಅಥವಾ ‘ಇಲ್ಲಿ ಯಾರೂ ಇಲ್ಲ’. ಮೊದಲನೆಯದು ಸುಳ್ಳಾದರೆ ಒಂದಷ್ಟು ಹೊತ್ತು, ಒಂದಷ್ಟು ಬೆವರು ದಂಡ. ಎರಡನೆಯದು ಸುಳ್ಳಾದರೆ ಇನ್ನೂ ಉಸಿರಾಡುತ್ತಿರುವವರನ್ನು ಬಿಟ್ಟು ತಂಡ ಮುಂದೆ ಹೋಗುತ್ತದೆ. ಹೊಸ ಉಪಕರಣಗಳಲ್ಲಿ ಹೆಚ್ಚಿನವು ಮೊದಲ ಮಾತಿಗೆ ಒದಗುತ್ತವೆ, ಎರಡನೆಯದಕ್ಕೆ ಅಷ್ಟಾಗಿ ಒದಗುವುದಿಲ್ಲ.

ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ರೂಪುಗೊಂಡ ‘ಫೈಂಡರ್’ ರಾಡಾರ್ 2015ರ ನೇಪಾಳ ಭೂಕಂಪದಲ್ಲಿ ಚೌತಾರಾ ಎಂಬಲ್ಲಿ ನಾಲ್ವರ ಎದೆಬಡಿತವನ್ನು ಗುರುತಿಸಿತು. ಅವರ ಮೇಲಿದ್ದದ್ದು ಸುಮಾರು 3 ಮೀಟರ್‌ವರೆಗಿನ ಇಟ್ಟಿಗೆ, ಮಣ್ಣು, ಮರದ ರಾಶಿ. ನಾಲ್ವರೂ ಬದುಕಿ ಬಂದರು. ಆದರೆ ಅಂಥ ರಾಡಾರ್ ಸುಮ್ಮನಿದ್ದ ಮಾತ್ರಕ್ಕೆ ಆ ಜಾಗವನ್ನು ಬಿಟ್ಟು ಹೋಗಲು ಯಾವ ನಾಯಕನೂ ಒಪ್ಪುವುದಿಲ್ಲ. ಥರ್ಮಲ್ ಕ್ಯಾಮೆರಾದ ಕತೆಯೂ ಅದೇ. ಅದು ನೋಡುವುದು ಮೇಲ್ಮೈಯ ಬಿಸಿಯನ್ನು ಮಾತ್ರ. ಕಾಂಕ್ರೀಟಿನಾಚೆ ಅದಕ್ಕೆ ಕಾಣುವುದಿಲ್ಲ, ಒತ್ತಾದ ಎಲೆಗಳಡಿ ಕಾಣುವುದು ಕಷ್ಟ, ನಡುಮಧ್ಯಾಹ್ನ ಕಾದ ಬಂಡೆಗಳ ನಡುವೆ ಮನುಷ್ಯ ಕರಗಿಹೋಗುತ್ತಾನೆ. ಬೆಳಗಿನ ಜಾವ ಹಾರಿಸಿದರೆ ಫಲ ಹೆಚ್ಚು.

ಇದಕ್ಕೊಂದು ಲೆಕ್ಕವೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕಲು ಅಮೆರಿಕದ ನೌಕಾಪಡೆಗಾಗಿ ಬೆಳೆಸಿದ ಗಣಿತ ಅದು. ಕಾಣೆಯಾದವರು ಒಂದು ಕಣಿವೆಯಲ್ಲಿರುವ ಸಾಧ್ಯತೆ ಶೇ 50 ಅಂದುಕೊಳ್ಳಿ. ಅಲ್ಲಿದ್ದರೆ ಡ್ರೋನ್ ಕಣ್ಣಿಗೆ ಬೀಳುವ ಸಾಧ್ಯತೆ ಶೇ 60. ಹಾರಿಸಿದಿರಿ, ಏನೂ ಸಿಗಲಿಲ್ಲ. ಆಗಲೂ ಅವರು ಅದೇ ಕಣಿವೆಯಲ್ಲಿರುವ ಸಾಧ್ಯತೆ ಸೊನ್ನೆಯಾಗದು, ಸುಮಾರು ಶೇ 29 ಉಳಿಯುತ್ತದೆ. ಆದ್ದರಿಂದ ಅನುಭವಿಗಳು ನಕ್ಷೆಯ ಮೇಲೆ ಆ ಕಣಿವೆಯನ್ನು ಹೊಡೆದುಹಾಕುವುದಿಲ್ಲ. ಇಂಥ ಶೇಕಡಾವಾರು ಅಂದಾಜನ್ನು ಕೊಡದೆ ಬರೀ ಮಿರುಗುವ ವಿಡಿಯೊ ತೋರಿಸುವ ಮಾರಾಟಗಾರರನ್ನು ಅವರು ನಂಬದಿದ್ದರೆ ಅಚ್ಚರಿಯೇನು!

ನಾಯಿಯನ್ನಾದರೂ ಪೂರ್ತಿ ನಂಬುತ್ತಾರೆಯೇ? ಇಲ್ಲ. ಒಂದು ನಾಯಿ ಬೊಗಳಿದ ಜಾಗಕ್ಕೆ ಇನ್ನೊಂದನ್ನು ತಂದು ಖಾತ್ರಿ ಮಾಡಿಕೊಳ್ಳುವ ರೂಢಿಯಿದೆ. ಆದರೆ ಅವಶೇಷಗಳ ಸಂದಿಯಿಂದ ಮೇಲೇಳುವ ವಾಸನೆಗೆ ನೇರ ನೋಟ ಬೇಕಿಲ್ಲ, ಬ್ಯಾಟರಿ ಬೇಕಿಲ್ಲ. ಅಲ್ಲದೆ ತನ್ನ ನಾಯಿ ಯಾವಾಗ ದಣಿದಿದೆ, ಯಾವಾಗ ಗೊಂದಲದಲ್ಲಿದೆ ಎಂಬುದು ಅದನ್ನು ಪಳಗಿಸಿದವನಿಗೆ ಗೊತ್ತು. ಯಂತ್ರದ ಬಗ್ಗೆಯೂ ಅಂಥ ಒಡನಾಟ ಬೆಳೆಯಬೇಕಾದರೆ ತಾಲೀಮು ಬೇಕು.

ಹೊಸದನ್ನು ತಂಡಗಳು ಒಪ್ಪಿಕೊಂಡದ್ದೂ ಉಂಟು. ಹಿಮಕುಸಿತದಲ್ಲಿ ಹೂತವರನ್ನು ಹುಡುಕುವ ಟ್ರಾನ್ಸೀವರ್ ನೋಡಿ: ಮೈಮೇಲೆ ಕಟ್ಟಿಕೊಳ್ಳುವ, ಸಂಕೇತ ಕಳಿಸುವ, ಬೇರೆಯವರ ಸಂಕೇತ ಹಿಡಿಯುವ ಸಣ್ಣ ರೇಡಿಯೊ. ಯಾವ ಕಂಪನಿಯದ್ದಾದರೂ ಇಂದು ಎಲ್ಲವೂ 457 ಕಿಲೋಹರ್ಟ್ಸ್ ಎಂಬ ಒಂದೇ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಹಿಮದಡಿ ಕಾಲು ಗಂಟೆ ಕಳೆಯುವಷ್ಟರಲ್ಲಿ ಬದುಕುಳಿಯುವ ಸಾಧ್ಯತೆ ಕುಸಿಯುತ್ತದಾದ್ದರಿಂದ, ಹೊರಗಿನ ತಂಡ ಬರುವ ತನಕ ಕಾಯದೆ ಪಕ್ಕದಲ್ಲಿದ್ದವರೇ ಹುಡುಕಬೇಕು. ಅದಕ್ಕೆ ಬೇಕಾದಷ್ಟು ಸರಳವಾಗಿದೆ ಆ ಉಪಕರಣ.

ಡ್ರೋನ್ ಹಾಗಲ್ಲ. ಹಾರಿಸಲು ಒಬ್ಬ, ಪರದೆ ನೋಡಲು ಇನ್ನೊಬ್ಬ, ಜೊತೆಗೆ ಚಳಿಯಲ್ಲಿ ಬೇಗ ಸೋಲುವ ಬ್ಯಾಟರಿಗಳಿಗೆ ಬದಲಿ. ಒಂದೇ ಹಾರಾಟದಲ್ಲಿ ರಾಶಿ ಬೀಳುವ ಚಿತ್ರಗಳನ್ನು ಯಾರಾದರೂ ಕೂತು ನೋಡಲೇಬೇಕು. ಬಣ್ಣದ ವ್ಯತ್ಯಾಸ ಗುರುತಿಸುವ ಸಾಫ್ಟ್‌ವೇರ್ ನೆರವಾಗುತ್ತದೆ, ಆದರೆ ಹಳದಿ ಎಲೆಯನ್ನೂ ಹಳದಿ ಜಾಕೆಟ್ ಅನ್ನುತ್ತದೆ. ದಾನಿಗಳು ಡ್ರೋನ್ ಕೊಡುತ್ತಾರೆ, ತರಬೇತಿಯ ಗಂಟೆಗಳನ್ನು ಕೊಡುವವರು ಕಡಿಮೆ. ಎಷ್ಟೋ ದೇಶಗಳಲ್ಲಿ ಬೆಟ್ಟದ ರಕ್ಷಣಾ ತಂಡಗಳ ಸದಸ್ಯರು ಸ್ವಯಂಸೇವಕರು, ಅಭ್ಯಾಸಕ್ಕೆ ಸಿಗುವುದು ರಜೆಯ ದಿನ ಮಾತ್ರ. ಹೆಲಿಕಾಪ್ಟರ್ ಬರುವಾಗ ಡ್ರೋನ್ ಇಳಿಸಲು ಯಾರು ಹೇಳಬೇಕು, ಯಾವ ರೇಡಿಯೊ ಚಾನೆಲ್‌ನಲ್ಲಿ ಹೇಳಬೇಕು ಎಂಬುದು ರೂಢಿಯಾಗುವವರೆಗೆ ಒಳ್ಳೆಯ ನಾಯಕ ಆ ಪೆಟ್ಟಿಗೆಯನ್ನು ತೆರೆಯಲು ಬಿಡುವುದಿಲ್ಲ.