ಅಲ್ಲಿಗೇ ಏಕೆ ಹೋಗಬೇಕು?

ವಿದೇಶದ ರೆಸಿಡೆನ್ಸಿಗಳಿಗೆ, ಅಂದರೆ ಕಲಾವಿದರನ್ನು ಕೆಲವು ಕಾಲ ಉಳಿಸಿಕೊಂಡು ಕೆಲಸ ಮಾಡಲು ಜಾಗ ಕೊಡುವ ಸಂಸ್ಥೆಗಳಿಗೆ, ಅರ್ಜಿ ಹಾಕುವ ಚಿತ್ರಕಲಾವಿದರೂ ಶಿಲ್ಪಿಗಳೂ ಕೊನೆಯ ದಿನಾಂಕ ಹತ್ತಿರವಾದಾಗ ತಮ್ಮ ಪ್ರಸ್ತಾವವನ್ನು ನನಗೆ ಕಳುಹಿಸಿ, “ಒಮ್ಮೆ ಕಣ್ಣಾಡಿಸಿ ಕೊಡಿ ಮೇಡಂ” ಎನ್ನುತ್ತಾರೆ. ಆಯ್ಕೆ ಸಮಿತಿಗಳಲ್ಲಿ ಕುಳಿತು ಇಂಥವೇ ಅರ್ಜಿಗಳನ್ನು ರಾಶಿಗಟ್ಟಲೆ ಓದಿದ್ದೂ ಇದೆ. ಎರಡೂ ಕಡೆ ತಪ್ಪದೆ ಎದುರಾಗುವ ಒಂದು ವಾಕ್ಯವಿದೆ: “ಭಾರತದ ಶ್ರೀಮಂತ ಕಲಾಪರಂಪರೆಯನ್ನು ಜಗತ್ತಿಗೆ ಪರಿಚಯಿಸಿ ಸಾಂಸ್ಕೃತಿಕ ವಿನಿಮಯಕ್ಕೆ ಕಾರಣನಾಗುವುದು ನನ್ನ ಉದ್ದೇಶ.” ಬರೆದವರ ಹೆಸರು, ಊರು, ಮಾಧ್ಯಮ ಬದಲಾಗುತ್ತವೆ, ವಾಕ್ಯ ಬದಲಾಗುವುದಿಲ್ಲ. ಆಮ್‌ಸ್ಟರ್‌ಡ್ಯಾಮಿಗೆ ಹೋಗುವ ಅರ್ಜಿಯಲ್ಲೂ ಅದೇ, ಪ್ಯಾರಿಸ್ಸಿಗೆ ಹೋಗುವುದರಲ್ಲೂ ಅದೇ. ಒಂದೇ ಜಾತಕದ ಪ್ರತಿಗಳನ್ನು ಎಲ್ಲ ಮನೆಗಳಿಗೂ ಕಳುಹಿಸಿಬಿಡುವ ತಂದೆ-ತಾಯಿಯರಿಗೂ ಇಷ್ಟು ಆತುರವಿರುವುದಿಲ್ಲ.

ಆ ವಾಕ್ಯದಲ್ಲಿ ಸುಳ್ಳಿಲ್ಲ, ಅದರ ಹಿಂದಿನ ಅಭಿಮಾನವೂ ನಿಜವಾದದ್ದೇ. ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಆಯ್ಕೆ ಸಮಿತಿ ಮೊದಲು ಚಿತ್ರಗಳನ್ನು ನೋಡುತ್ತದೆ, ಇವರು ಗಂಭೀರವಾಗಿ ಕೆಲಸ ಮಾಡುವವರೇ ಎಂಬುದು ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತದೆ. ಆ ಹಂತವನ್ನು ದಾಟಿ ಬಂದವರ ಸಂಖ್ಯೆಯೂ ಇರುವ ಸ್ಥಳಗಳಿಗಿಂತ ಹಲವು ಪಟ್ಟು ಹೆಚ್ಚಾಗಿರುವುದರಿಂದ, ಉಳಿಯುವುದು ಒಂದೇ ಪ್ರಶ್ನೆ: ಈಗ ಮಾಡುತ್ತಿರುವ ಕೆಲಸಕ್ಕೆ ಇವರಿಗೆ ನಮ್ಮ ಜಾಗವೇ ಏಕೆ ಬೇಕು? ಪ್ರಸ್ತಾವವನ್ನು ಬರೆಸಿಕೊಳ್ಳುವುದು ಇದನ್ನು ತಿಳಿಯುವುದಕ್ಕಾಗಿ. ರೆಸಿಡೆನ್ಸಿಯನ್ನು ಪ್ರಶಸ್ತಿಯೆಂದೋ ವಿದೇಶದಲ್ಲಿ ಪ್ರದರ್ಶನ ಏರ್ಪಡಿಸಿಕೊಡುವ ವ್ಯವಸ್ಥೆಯೆಂದೋ ತಿಳಿದವರು ತಮ್ಮ ಸಾಧನೆಯನ್ನು ಬರೆಯುತ್ತಾರೆ, ದೇಶದ ಸಾಧನೆಯನ್ನು ಬರೆಯುತ್ತಾರೆ, ಈ ಪ್ರಶ್ನೆಗೆ ಮಾತ್ರ ಒಂದು ಸಾಲನ್ನೂ ಬರೆಯುವುದಿಲ್ಲ.

ಒಂದು ರೆಸಿಡೆನ್ಸಿ ಇನ್ನೊಂದರಂತೆ ಇರುವುದಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು, ಆದ್ದರಿಂದ ಉದಾಹರಣೆಗಳನ್ನೇ ಕೊಡುತ್ತೇನೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಅಕಾಡೆಮಿ 1870ರಲ್ಲಿ ಸರ್ಕಾರಿ ಕಲಾಶಾಲೆಯಾಗಿ ಆರಂಭವಾದದ್ದು. ಇಂದು ಅಲ್ಲಿ ತರಗತಿಗಳಿಲ್ಲ, ಆದರೆ ಲೋಹ, ಮರ, ಪಿಂಗಾಣಿ, ಮುದ್ರಣ, ಬಣ್ಣ ಮುಂತಾದವುಗಳ ಕಾರ್ಯಾಗಾರಗಳಿವೆ, ಆ ಕಸುಬನ್ನು ಬಲ್ಲ ತಜ್ಞರು ಪಕ್ಕದಲ್ಲಿ ನಿಂತು ನೆರವಾಗುತ್ತಾರೆ. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ದಂಡೆಯ ಮೇಲೆ 1965ರಲ್ಲಿ ಬಾಗಿಲು ತೆರೆದ ಸಿತೆ ಅಂತರ್ನಾಸ್ಯೊನಾಲ್ ದೇ ಜಾರ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಸ್ಟುಡಿಯೋಗಳಿವೆ, ಚಿತ್ರಕಾರರ ಪಕ್ಕದ ಕೋಣೆಯಲ್ಲಿ ಸಂಗೀತಗಾರರೋ ಬರಹಗಾರರೋ ಇರುತ್ತಾರೆ, ನಗರದ ವಸ್ತುಸಂಗ್ರಹಾಲಯಗಳು ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನ ನಡುವೆ 1907ರಲ್ಲಿ ಆರಂಭವಾದ ಮ್ಯಾಕ್‌ಡೊವೆಲ್‌ನ ಪದ್ಧತಿ ಇದಕ್ಕೆ ತೀರ ವಿರುದ್ಧವಾದದ್ದು: ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಸ್ಟುಡಿಯೋದ ಬಾಗಿಲ ಬಳಿ ಸದ್ದಿಲ್ಲದೆ ಬಿಟ್ಟುಹೋಗುತ್ತಾರೆ, ಕರೆಯದೆ ಯಾರೂ ಇನ್ನೊಬ್ಬರ ಸ್ಟುಡಿಯೋಗೆ ಕಾಲಿಡುವಂತಿಲ್ಲ. ಏಕಾಂತವನ್ನೇ ಕಾಯ್ದುಕೊಡುವ ಇಂಥ ಜಾಗಕ್ಕೆ “ಸ್ಥಳೀಯ ಜನರೊಂದಿಗೆ ನಿತ್ಯ ಸಂವಾದ ನಡೆಸುತ್ತೇನೆ” ಎಂದು ಬರೆದ ಅರ್ಜಿಯನ್ನು ನಾನು ಓದಿದ್ದೇನೆ. ಜಪಾನಿನ ಇಬಾರಕಿ ಪ್ರಾಂತ್ಯದ ಮೊರಿಯಾ ಎಂಬ ಸಣ್ಣ ಪಟ್ಟಣದಲ್ಲಿ, ಹಳೆಯ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ ನಡೆಯುವ ಆರ್ಕಸ್ ಯೋಜನೆಯಾದರೋ ಮುಗಿದ ಕೃತಿಯನ್ನೇ ಕಡ್ಡಾಯ ಮಾಡುವುದಿಲ್ಲ, ಯೋಚನೆ ಹೇಗೆ ಬೆಳೆಯಿತು ಎಂಬುದನ್ನು ತೆರೆದು ತೋರಿಸಿದರೆ ಸಾಕು. ಅಂಥಲ್ಲಿಗೆ “ಹನ್ನೆರಡು ಕ್ಯಾನ್ವಾಸುಗಳನ್ನು ಪೂರ್ಣಗೊಳಿಸುತ್ತೇನೆ” ಎಂಬ ಭರವಸೆ ಯಾರಿಗಾಗಿ?

ಇಷ್ಟನ್ನು ಕೇಳಿದ ಮೇಲೆ ಬುದ್ಧಿವಂತರು ಎತ್ತುವ ಆಕ್ಷೇಪವೊಂದಿದೆ. ಅಲ್ಲಿಗೆ ಹೋಗದೆ ಅಲ್ಲಿ ಏನು ಸಿಗುತ್ತದೆಂದು ಹೇಗೆ ಬರೆಯುವುದು? ನ್ಯಾಯವಾದ ಪ್ರಶ್ನೆ. ಚಿತ್ರಕಾರ ಕೃಷೆನ್ ಖನ್ನಾ ಅವರು 1962ರಲ್ಲಿ ರಾಕ್‌ಫೆಲರ್ ಫೆಲೋಶಿಪ್ಪಿನಲ್ಲಿ ಜಪಾನಿಗೆ ಹೋದಾಗ ಅಲ್ಲಿನ ಮಸಿಯ ಚಿತ್ರಗಳು ಅವರ ಕೈಯನ್ನು ಕೆಲವು ಕಾಲ ಬೇರೆಯೇ ದಾರಿಗೆ ಹಚ್ಚಿದವು. ಅದುವರೆಗೆ ದಪ್ಪ ಬಣ್ಣವನ್ನು ಬಳಸುತ್ತಿದ್ದ ತೈಯಬ್ ಮೆಹ್ತಾ 1968ರಲ್ಲಿ ಅದೇ ಬಗೆಯ ಫೆಲೋಶಿಪ್ಪಿನಲ್ಲಿ ನ್ಯೂಯಾರ್ಕಿಗೆ ಹೋಗಿ ಅಮೆರಿಕದ ಚಿತ್ರಕಾರ ಬಾರ್ನೆಟ್ ನ್ಯೂಮನ್‌ರ ಕ್ಯಾನ್ವಾಸನ್ನು ಎದುರಿಗೆ ನಿಂತು ನೋಡಿದರು. ಆಮೇಲೆ ಅವರ ಚಿತ್ರಗಳಲ್ಲಿ ಬಣ್ಣ ಸಪಾಟಾಯಿತು, ಕ್ಯಾನ್ವಾಸನ್ನು ಓರೆಯಾಗಿ ಸೀಳುವ ಕರ್ಣರೇಖೆ ಬಂದಿತು. ಆ ರೇಖೆಯನ್ನು ಯಾರೂ ಮುಂಗಡವಾಗಿ ಅರ್ಜಿಯಲ್ಲಿ ಬರೆಯಲಾರರು. ಇವು ಒಂದು ಸ್ಟುಡಿಯೋದಲ್ಲಿ ಕೂರಿಸುವ ರೆಸಿಡೆನ್ಸಿಗಳಿಗಿಂತ ಸಡಿಲವಾದ ಫೆಲೋಶಿಪ್ಪುಗಳು ಎಂಬುದೂ ನಿಜ. ಆದರೆ ನಾನು ಕೇಳುತ್ತಿರುವುದು ಫಲಿತಾಂಶವನ್ನಲ್ಲ. ಈಗ ಕೈಯಲ್ಲಿರುವ ಕೆಲಸ ಎಲ್ಲಿ ಬಂದು ನಿಂತಿದೆ, ಅದನ್ನು ಮುಂದಕ್ಕೆ ತಳ್ಳಲು ಆ ಊರಿನ ಯಾವ ವಸ್ತು, ಯಾವ ಕಸುಬು, ಯಾವ ಸಂಗ್ರಹ ನೆರವಾಗಬಹುದೆಂದು ನಿಮಗೆ ತೋರುತ್ತದೆ ಎಂಬುದನ್ನು ಮಾತ್ರ. ಊಹೆ ತಪ್ಪಾದರೆ ಯಾವ ಸಮಿತಿಯೂ ಬೇಸರಿಸುವುದಿಲ್ಲ. ಊಹೆಯೇ ಇಲ್ಲದಿದ್ದರೆ ಚರ್ಚಿಸಲು ಏನೂ ಇರುವುದಿಲ್ಲ.

ಸಾಗರದ ಕಡೆಯ ಯುವ ಕಲಾವಿದೆಯೊಬ್ಬರ ಅರ್ಜಿ ಹೀಗೇ ನನ್ನ ಬಳಿ ಬಂದಿತ್ತು. ಕಲಾಶಾಲೆಯಲ್ಲಿ ಪದವಿ ಪಡೆದವರು, ಅದಕ್ಕೂ ಮುನ್ನ ಮನೆಯ ಹಿರಿಯರಿಂದ ಹಸೆ ಚಿತ್ತಾರ ಬರೆಯುವುದನ್ನು ಕಲಿತವರು. ಪ್ರಸ್ತಾವದ ಎರಡು ಪುಟಗಳಲ್ಲಿ ದೀವರ ಸಮುದಾಯದ ಈ ಚಿತ್ತಾರದ ಮಹತ್ವ, ಅದನ್ನು ಯೂರೋಪಿಗೆ ತಲುಪಿಸುವ ಹಂಬಲ, ಮತ್ತೆ ಆ ವಾಕ್ಯ. ಫೋನಿನಲ್ಲಿ ಮಾತನಾಡುತ್ತ, ಈಚೆಗೆ ಕೆಲಸದಲ್ಲಿ ನಿಮ್ಮನ್ನು ತುಂಬ ಕಾಡಿದ್ದೇನು ಎಂದು ಕೇಳಿದೆ. ಅವರು ತಡಮಾಡದೆ ಹೇಳಿದರು: “ಬಿಳಿ ಉದುರುತ್ತದೆ ಮೇಡಂ. ಮಣ್ಣಿನ ಗೋಡೆಯ ಮೇಲೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಬರೆದರೆ ನಿಲ್ಲುತ್ತದೆ, ಸಿಮೆಂಟಿನ ಮೇಲೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಈಗ ಊರಿನಲ್ಲಿ ಮಣ್ಣಿನ ಗೋಡೆ ಎಲ್ಲಿದೆ?” ಗೋಂದು ಬೆರೆಸಿ ನೋಡಿದ್ದರು, ಸುಣ್ಣದ ಮೇಲೆ ಬರೆದು ನೋಡಿದ್ದರು, ಅಂಗಡಿಯ ಅಕ್ರಿಲಿಕ್ ಬಳಸಿ ಅದರ ಹೊಳಪನ್ನು ಸಹಿಸಲಾಗದೆ ಬಿಟ್ಟಿದ್ದರು. ಇದರಲ್ಲಿ ಒಂದಕ್ಷರವೂ ಪ್ರಸ್ತಾವದಲ್ಲಿ ಇರಲಿಲ್ಲ. ಏಕೆ ಬರೆಯಲಿಲ್ಲ ಎಂದರೆ, “ಅದು ನಮ್ಮ ಮನೆಯ ತಾಪತ್ರಯ ಮೇಡಂ, ಅವರ ಮುಂದೆ ಹೇಳಿಕೊಳ್ಳುವುದೇ?” ಎಂದರು.

ಹೇಳಿಕೊಳ್ಳಬೇಕಾದದ್ದು ಅದೊಂದೇ ಆಗಿತ್ತು. ಸುಣ್ಣ, ಹಾಲಿನ ಕೇಸೀನ್, ಮೊಟ್ಟೆಯ ಹಳದಿ ಇವುಗಳನ್ನು ಅಂಟಾಗಿ ಬಳಸಿ ಮಣ್ಣಿನ ಬಣ್ಣಗಳನ್ನು ನಿಲ್ಲಿಸುವ ದೀರ್ಘ ಅನುಭವ ಯೂರೋಪಿನ ಚಿತ್ರಕಾರರಿಗಿದೆ, ಬಣ್ಣದ ಕಾರ್ಯಾಗಾರವಿರುವ ರೆಸಿಡೆನ್ಸಿಯಲ್ಲಿ ಅದನ್ನು ಬಲ್ಲವರು ಸಿಗುತ್ತಾರೆ. ಅವರೆದುರು ಈಕೆ ಪುಂಡಿ ನಾರಿನ ಕುಂಚವನ್ನು ತೆಗೆದಿಟ್ಟು, ಆ ನಾರು ಎಷ್ಟು ನೀರನ್ನು ಹಿಡಿಯುತ್ತದೆ, ಗೆರೆ ಎಲ್ಲಿ ಒಡೆಯುತ್ತದೆ ಎಂದು ತೋರಿಸಿದರೆ ಅವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ವಿನಿಮಯಕ್ಕೆ ಇಬ್ಬರ ನಡುವೆ ಇಂಥದೊಂದು ಬಗೆಹರಿಯದ ತೊಡಕು ಇರಬೇಕು. ಹಸೆಯ ಬಗ್ಗೆ ಸ್ಲೈಡುಗಳ ಉಪನ್ಯಾಸ ಕೊಟ್ಟರೆ ಚಪ್ಪಾಳೆ ಬರುತ್ತದೆ, ಮರುದಿನ ಯಾರೂ ಸ್ಟುಡಿಯೋದ ಬಾಗಿಲು ತಟ್ಟುವುದಿಲ್ಲ.

ಈ ದೋಷ ನಮ್ಮವರದ್ದು ಮಾತ್ರವೆಂದು ತಿಳಿಯಬಾರದು. ಬೆಂಗಳೂರಿನ ‘1 ಶಾಂತಿ ರಸ್ತೆ’ ಎಂಬ ಕಲಾವಿದರ ತಾಣದಂಥ ಜಾಗಗಳಿಗೂ ಜರ್ಮನಿಯ ಸಾಂಸ್ಕೃತಿಕ ಸಂಸ್ಥೆಯಾದ ಗಯಟೆ ಇನ್‌ಸ್ಟಿಟ್ಯೂಟ್ ನಡೆಸುವ ರೆಸಿಡೆನ್ಸಿಗೂ ಹೊರದೇಶಗಳಿಂದ ಕಲಾವಿದರು ಬರುತ್ತಾರೆ. ಸಾಮಾನ್ಯವಾಗಿ ಭಾರತಕ್ಕೆ ಬರಬಯಸುವವರ ಅರ್ಜಿಗಳನ್ನು ಓದಿದರೆ, ಇಲ್ಲಿನ ಬಣ್ಣ, ಗದ್ದಲ, ಅಧ್ಯಾತ್ಮ ಎಂಬ ಮೂರು ಪದಗಳಲ್ಲಿ ಎಲ್ಲವೂ ಮುಗಿದಿರುತ್ತದೆ, ಜೈಪುರಕ್ಕೂ ಕೊಚ್ಚಿಗೂ ಅದೇ ಪ್ರತಿ ಹೋಗಿದೆ ಎಂಬುದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ನನಗೆ ನೆನಪಿನಲ್ಲಿ ಉಳಿದದ್ದು ಬೇರೊಂದು ಅರ್ಜಿ. ಚನ್ನಪಟ್ಟಣದಲ್ಲಿ ಚರಕಿಯ ಮೇಲೆ ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿಕೆಯ ಬಿಸಿಯಿಂದಲೇ ಬಣ್ಣ ಕರಗಿ ಹತ್ತುತ್ತದೆ, ಆಮೇಲೆ ತಾಳೆ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ ಎಂದು ಓದಿದ್ದೇನೆ, ಕುಂಚವಿಲ್ಲದೆ ಬಣ್ಣ ಹಾಕುವ ಈ ಬಗೆಯನ್ನು ನನ್ನ ಮರದ ಶಿಲ್ಪಗಳಿಗೆ ಅಳವಡಿಸಬಹುದೇ ಎಂದು ಕಸುಬುದಾರರ ಪಕ್ಕದಲ್ಲಿ ಕುಳಿತು ನೋಡಬೇಕಾಗಿದೆ, ಎಂದು ಆ ಶಿಲ್ಪಿ ಬರೆದಿದ್ದರು. ಇಡೀ ಪ್ರಸ್ತಾವ ಅರ್ಧ ಪುಟ. ಭಾರತದ ಬಗ್ಗೆ ಒಂದು ಹೊಗಳಿಕೆಯೂ ಇಲ್ಲದ ಆ ಅರ್ಜಿಯ ಬಗ್ಗೆ ಸಮಿತಿಯಲ್ಲಿ ಹೆಚ್ಚು ಚರ್ಚೆಯೇ ಆಗಲಿಲ್ಲ, ಎಲ್ಲರೂ ಒಪ್ಪಿದರು.

ಬ್ರಿಟಿಷ್ ಶಿಲ್ಪಿ ಆಂಟನಿ ಕಾರೊ ಮತ್ತು ಕಲಾಸಂಗ್ರಾಹಕ ರಾಬರ್ಟ್ ಲೋಡರ್ 1982ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭಿಸಿದ ಟ್ರಯಾಂಗಲ್ ಕಾರ್ಯಾಗಾರಗಳೂ ಅದರ ಜಾಡಿನಲ್ಲಿ 1997ರಲ್ಲಿ ಮೋದಿನಗರದಲ್ಲಿ ಮೊದಲ ಶಿಬಿರ ನಡೆಸಿದ ದೆಹಲಿಯ ಕಲಾವಿದರ ಸಂಸ್ಥೆ ಖೋಜ್ ಕೂಡ ಇದೇ ತಿಳಿವಳಿಕೆಯಿಂದ ಹೊರಟವು. ಒಳಗಿನವರೂ ಹೊರಗಿನವರೂ ಕೆಲವು ದಿನ ಒಂದೇ ಕಡೆ ಉಂಡು, ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುವಂತೆ ದುಡಿಯಬೇಕು, ಮಾರಾಟದ ಒತ್ತಡವಿರಬಾರದು. ಅಂಥ ಶಿಬಿರದಲ್ಲಿ ಯಾರೂ ತಮ್ಮ ದೇಶದ ಪ್ರತಿನಿಧಿಯಾಗಿ ಬಹಳ ಹೊತ್ತು ಉಳಿಯಲಾರರು. ಎರಡನೆಯ ದಿನಕ್ಕೆ ಸುತ್ತಿಗೆ ಯಾರ ಬಳಿ ಇದೆ ಎಂಬುದೇ ದೊಡ್ಡ ಸಂಗತಿಯಾಗುತ್ತದೆ.

ಹಣ ಮತ್ತು ವೀಸಾದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೂ ದೂತಾವಾಸದ ಮಾಹಿತಿಯನ್ನೂ ನೀವೇ ಓದತಕ್ಕದ್ದು. ಪ್ರಯಾಣ, ವಸತಿ, ಊಟದ ಭತ್ಯೆ, ಸಾಮಗ್ರಿಯ ವೆಚ್ಚ ಎಲ್ಲವನ್ನೂ ಕೊಡುವ ರೆಸಿಡೆನ್ಸಿಗಳಿವೆ, ಸ್ಟುಡಿಯೋ ಮಾತ್ರ ಕೊಡುವವಿವೆ, ಕಲಾವಿದರಿಂದಲೇ ಶುಲ್ಕ ಪಡೆಯುವವೂ ಇವೆ. ಮೂರೂ ಕಡೆಯಿಂದ ಬರುವ ಆಯ್ಕೆಪತ್ರ ನೋಡಲು ಒಂದೇ ರೀತಿ ಇರುತ್ತದೆ. ಸಾಲ ಮಾಡಿ ಮೂರನೆಯ ಬಗೆಯದಕ್ಕೆ ಹೋಗಬೇಡಿ ಎಂಬುದು ನನ್ನ ಸಲಹೆ. ಇನ್ಲಾಕ್ಸ್ ಶಿವದಾಸಾನಿ ಪ್ರತಿಷ್ಠಾನ ಕಲಾವಿದರಿಗೂ, ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಬ್ರಿಟನ್ನಿಗೆ ಹೋಗುವವರಿಗೂ ನೆರವು ನೀಡುತ್ತ ಬಂದಿವೆ, ಅವುಗಳ ಕಾಲಮಿತಿಯನ್ನು ಮೊದಲೇ ನೋಡಿಡಿ. ಒಂದೇ ವೀಸಾ ನಡೆಯುವ ಯೂರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯೊಳಗೆ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಅದಕ್ಕಿಂತ ದೀರ್ಘವಾದ ರೆಸಿಡೆನ್ಸಿಗೆ ಆಯಾ ದೇಶದ ದೀರ್ಘಾವಧಿ ವೀಸಾ ಬೇಕು, ಅದಕ್ಕೆ ಸಮಯವೂ ಹೆಚ್ಚು ಬೇಕು.

ಇನ್ನು ಚಿತ್ರಗಳ ಆಯ್ಕೆ. ಪ್ರಸ್ತಾವದಲ್ಲಿ ಒಂದು ತೊಡಕನ್ನು ಹೇಳಿ, ಜೊತೆಗೆ ಬಹುಮಾನ ಪಡೆದ ಹಳೆಯ ಕೃತಿಗಳನ್ನು ಮಾತ್ರ ಇಟ್ಟರೆ ಎರಡಕ್ಕೂ ಸಂಬಂಧವೇ ಕಾಣುವುದಿಲ್ಲ. ಸಾಗರದ ಕಲಾವಿದೆ ಹೊಸದಾಗಿ ಬರೆದು ಕಳುಹಿಸಿದ ಪ್ರಸ್ತಾವ ಒಂದು ಪುಟದಷ್ಟಿತ್ತು. ಅದರೊಂದಿಗೆ ಕಾಗದದ ಮೇಲಿನ ಅಚ್ಚುಕಟ್ಟಾದ ಚಿತ್ತಾರಗಳಿದ್ದವು. ಸಿಮೆಂಟ್ ಗೋಡೆಯ ಪ್ರಯೋಗಗಳ ಫೋಟೋಗಳನ್ನು ಮಾತ್ರ “ಚೆನ್ನಾಗಿಲ್ಲ” ಎಂದು ತೆಗೆದಿದ್ದರು. ಅವನ್ನು ಸೇರಿಸಿ, ಪ್ರತಿಯೊಂದರ ಕೆಳಗೆ ಯಾವ ಗೋಡೆ, ಯಾವ ಅಂಟು, ಎಷ್ಟು ತಿಂಗಳಲ್ಲಿ ಉದುರಿತು ಎಂದು ಬರೆಯಿರಿ ಎಂದೆ. ಅವರಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ, ಆದರೂ ನಾಲ್ಕು ಫೋಟೋಗಳನ್ನು ಸೇರಿಸಿ ಕಳುಹಿಸಿದರು. ಆಯ್ಕೆಯಾಯಿತೇ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಆ ವರ್ಷದ ಸಮಿತಿ, ಲಭ್ಯವಿರುವ ಹಣ, ಉಳಿದ ಅರ್ಜಿದಾರರು ಯಾರು ಎಂಬ ಹತ್ತಾರು ಸಂಗತಿಗಳ ಮೇಲೆ ನಿಂತಿರುತ್ತದೆ, ಒಂದು ಫಲಿತಾಂಶವನ್ನು ನೋಡಿ ಇನ್ನೊಬ್ಬರು ಸೂತ್ರ ಕಟ್ಟಿಕೊಳ್ಳುವುದು ನನಗೆ ಬೇಡ.